ಪ್ಲಗ್ ಚುಚ್ಚುವ ಮೊದಲು ಒಂದು ಭಾಗಾಕಾರ

ಗೀಸರ್, ಇಸ್ತ್ರಿ ಪೆಟ್ಟಿಗೆ, ಇಂಡಕ್ಷನ್ ಒಲೆ, ನೀರು ಕಾಯಿಸೋ ರಾಡ್, ಯಾವುದನ್ನೇ ತಂದರೂ ಅದರ ಮೇಲೆ ಒಂದು ಪುಟ್ಟ ಸ್ಟಿಕ್ಕರ್ ಇರುತ್ತದೆ. ಬಣ್ಣ ನೋಡುತ್ತೇವೆ, ಗ್ಯಾರಂಟಿ ಕೇಳುತ್ತೇವೆ, ಅದನ್ನು ಮಾತ್ರ ಓದುವುದಿಲ್ಲ. ದಯವಿಟ್ಟು ಓದಿ. ಅದರಲ್ಲಿ ವ್ಯಾಟ್ ಎಷ್ಟು ಅಂತ ಬರೆದಿರುತ್ತದೆ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ವ್ಯಾಟನ್ನು 230ರಿಂದ ಭಾಗಿಸಿದರೆ ಆಂಪ್ ಸಿಗುತ್ತದೆ. ಆ ಸಾಮಾನು ವೈರಿನಿಂದ ಎಷ್ಟು ಕರೆಂಟ್ ಎಳೆಯುತ್ತದೆ ಅನ್ನುವ ಲೆಕ್ಕ ಅದು. ಮೊಬೈಲಿನಲ್ಲಿ ಅರ್ಧ ನಿಮಿಷದ ಕೆಲಸ.

1500 ವ್ಯಾಟಿನ ರಾಡನ್ನೇ ತಗೊಳ್ಳಿ. 1500ನ್ನು 230ರಿಂದ ಭಾಗಿಸಿದರೆ ಆರೂವರೆ ಆಂಪ್. ಈಗ ಗೋಡೆ ನೋಡಿ. ಸಣ್ಣ ತೂತಿನ ಸಾಕೆಟ್ 6 ಆಂಪಿನದು, ದೊಡ್ಡ ತೂತಿನದು 16 ಆಂಪಿನದು. ರಾಡಿನ ಪಿನ್ ದಪ್ಪ ಇರುವುದು ಅದಕ್ಕೇ. ಆದರೆ ಬಚ್ಚಲಲ್ಲಿ ದೊಡ್ಡ ಸಾಕೆಟ್ ಇಲ್ಲ ಅಂತ ಅಂಗಡಿಯಿಂದ ಕನ್ವರ್ಷನ್ ಪ್ಲಗ್ ತಂದು ಸಣ್ಣದಕ್ಕೆ ಸಿಕ್ಕಿಸುವವರು ಎಷ್ಟೋ ಜನ. ಅರ್ಧ ಆಂಪ್ ತಾನೇ ಜಾಸ್ತಿ, ಏನಾಗತ್ತೆ ಅನ್ನಬೇಡಿ. ಒಂದು ಬಕೆಟ್ ನೀರು ಕಾಯಲು ಇಪ್ಪತ್ತು-ಇಪ್ಪತ್ತೈದು ನಿಮಿಷ ಬೇಕು. ಮನೆಯಲ್ಲಿ ನಾಲ್ಕು ಜನ ಸ್ನಾನ ಮಾಡಬೇಕಲ್ವಾ? ಅಷ್ಟೂ ಹೊತ್ತು ಆ ಸಾಕೆಟ್ ತನ್ನ ಶಕ್ತಿಗೆ ಮೀರಿ ದುಡಿಯುತ್ತಿರುತ್ತದೆ.

ಎಕ್ಸ್‌ಟೆನ್ಷನ್ ಬಾಕ್ಸಿನದೂ ಇದೇ ಕಥೆ. ನಾಲ್ಕು ಸಾಕೆಟ್ ಇದೆ ಅಂದರೆ ನಾಲ್ಕು ಸಾಮಾನಿನ ಭಾರ ಹೊರುತ್ತದೆ ಅಂತಲ್ಲ. ಎಲ್ಲದರ ಕರೆಂಟೂ ಹಿಂದಿನ ಆ ಒಂದೇ ವೈರಿನಲ್ಲಿ ಬರಬೇಕು. 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ, 1500 ವ್ಯಾಟಿನ ಕೆಟಲ್ ಒಟ್ಟಿಗೆ ಹಾಕಿದರೆ ಹತ್ತಿರ ಹತ್ತಿರ 11 ಆಂಪ್. 6 ಆಂಪಿನ ಬಾಕ್ಸ್ ಅದನ್ನು ತಡೆಯುವುದಿಲ್ಲ. ಟಿವಿ, ಮೊಬೈಲ್ ಚಾರ್ಜರ್, ಎಲ್‌ಇಡಿ ಬಲ್ಬು ಎಷ್ಟು ಹಾಕಿದರೂ ಚಿಂತೆಯಿಲ್ಲ. 9 ವ್ಯಾಟಿನ ಬಲ್ಬು ಎಳೆಯುವುದು 0.04 ಆಂಪ್ ಅಷ್ಟೇ. ಬಿಸಿ ಮಾಡುವ ಸಾಮಾನಿನ ಮೇಲೆ ಮಾತ್ರ ಕಣ್ಣಿಡಿ.

ಇನ್ನೊಂದು ಲೆಕ್ಕ, ವೋಲ್ಟನ್ನು ಆಂಪಿನಿಂದ ಭಾಗಿಸುವುದು. ಬರುವ ಉತ್ತರ ಓಮ್, ಅಂದರೆ ಕರೆಂಟಿಗೆ ಆ ಸಾಮಾನು ಒಡ್ಡುವ ತಡೆ. ಜರ್ಮನಿಯ ಜಾರ್ಜ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಇದು. ಮನೆಯಲ್ಲಿ ಇದರ ಉಪಯೋಗವೇನು ಅಂದರೆ, ಗೀಸರ್ ಕಾಯಿಲ್ ಹೋಗಿದೆಯೋ ಇಲ್ಲವೋ ಅಂತ ನೀವೇ ನೋಡಬಹುದು. 2000 ವ್ಯಾಟಿನ ಗೀಸರ್ ಎಳೆಯುವುದು 8.7 ಆಂಪ್. 230ನ್ನು 8.7ರಿಂದ ಭಾಗಿಸಿದರೆ ಸುಮಾರು 26 ಓಮ್. ಪ್ಲಗ್ಗನ್ನು ಗೋಡೆಯಿಂದ ಪೂರ್ತಿ ಕಿತ್ತುಕೊಳ್ಳಿ. ಸ್ವಿಚ್ ಆಫ್ ಮಾಡಿದರಷ್ಟೇ ಸಾಲದು. ನೀರು ತಣ್ಣಗಿರುವಾಗ ಮಲ್ಟಿಮೀಟರನ್ನು (ವೋಲ್ಟ್, ಆಂಪ್, ಓಮ್ ಅಳೆಯುವ ಪುಟ್ಟ ಮೀಟರ್) ಓಮಿಗಿಟ್ಟು, ಪ್ಲಗ್ಗಿನ ಎರಡು ಸಮನಾದ ಪಿನ್‌ಗಳಿಗೆ ಮುಟ್ಟಿಸಿ. 26ರ ಆಸುಪಾಸು ತೋರಿಸಿದರೆ ಕಾಯಿಲ್ ಚೆನ್ನಾಗಿದೆ. ಏನೂ ತೋರಿಸದಿದ್ದರೆ, ಅಂದರೆ ಮೀಟರ್ ಪಿನ್ ಮುಟ್ಟಿಸುವ ಮೊದಲು ಇದ್ದಂತೆಯೇ ಇದ್ದರೆ, ಕಾಯಿಲ್ ಸುಟ್ಟಿರಬಹುದು, ಇಲ್ಲವೇ ನೀರು ಕಾದ ಮೇಲೆ ಕರೆಂಟ್ ಕಡಿಯುವ ಥರ್ಮೋಸ್ಟ್ಯಾಟ್ ಕಡೆ ಎಲ್ಲೋ ಬಿಟ್ಟುಕೊಂಡಿರಬಹುದು. ರಿಪೇರಿಯವರು ಬಂದಾಗ ಎರಡನ್ನೂ ನೋಡಲು ಹೇಳಿ, ಸುಮ್ನೆ ಹೊಸ ಕಾಯಿಲ್ ಹಾಕಿಸಿಕೊಳ್ಳಬೇಡಿ. ಹಾಗೇ ಮೇಲಿನ ದಪ್ಪ ಪಿನ್ನಿಗೂ ಉಳಿದೆರಡಕ್ಕೂ ನಡುವೆ ಮುಟ್ಟಿಸಿ ನೋಡಿ. ಅದು ಅರ್ಥ್ ಪಿನ್, ಅಲ್ಲಿ ಏನೂ ತೋರಿಸಬಾರದು. ತೋರಿಸಿದರೆ ಆ ಗೀಸರಿನ ನೀರಿಗೆ ಯಾರೂ ಕೈ ಇಡಬಾರದು, ರಿಪೇರಿ ಆಗುವವರೆಗೂ ಪ್ಲಗ್ ಹಾಕಬಾರದು. ಹಳೇ ತಂತಿ ಬಲ್ಬಿಗೆ ಮಾತ್ರ ಈ ಪರೀಕ್ಷೆ ಹೊಂದುವುದಿಲ್ಲ. 100 ವ್ಯಾಟಿನ ಬಲ್ಬಿಗೆ ಲೆಕ್ಕ 529 ಓಮ್ ಅನ್ನುತ್ತದೆ, ಮೀಟರ್ ಅದಕ್ಕಿಂತ ಎಷ್ಟೋ ಕಡಿಮೆ ತೋರಿಸುತ್ತದೆ. ಆ ತಂತಿ ಕಾದು ಬೆಳಗಿದಾಗಷ್ಟೇ ಅಷ್ಟು ತಡೆ ಒಡ್ಡುತ್ತದೆ.

ಹಳ್ಳಿ ಕಡೆಯವರಿಗೆ ಬೇಸಿಗೆಯಲ್ಲಿ ವೋಲ್ಟೇಜ್ ಬೀಳುವುದು ಗೊತ್ತೇ ಇದೆ. 180ಕ್ಕೆ ಇಳಿಯಿತು ಅನ್ನಿ. ಗೀಸರಿನ 26 ಓಮ್ ಹಾಗೇ ಇರುತ್ತದೆ, ಆದ್ದರಿಂದ ಎಳೆಯುವ ಕರೆಂಟೂ ಇಳಿದು 6.8 ಆಂಪ್ ಆಗುತ್ತದೆ. 180ನ್ನು 6.8ರಿಂದ ಗುಣಿಸಿ, 1225 ವ್ಯಾಟ್ ಹತ್ತಿರ. 2000ದ ಜಾಗದಲ್ಲಿ 1225! ನೀರು ಬೇಗ ಕಾಯದಿದ್ದರೆ ಗೀಸರಿನ ತಪ್ಪಲ್ಲ. ಅದಕ್ಕೇನೂ ಹಾನಿಯಿಲ್ಲ, ನಿಧಾನವಾಗುತ್ತದೆ ಅಷ್ಟೇ. ಆದರೆ ಫ್ರಿಜ್ಜು, ಬೋರ್‌ವೆಲ್ ಮೋಟಾರಿನ ದಾರಿ ಬೇರೆ. ವೋಲ್ಟ್ ಕಮ್ಮಿಯಾದರೂ ಅವು ಅದೇ ಕೆಲಸ ಎಳೆಯಬೇಕು, ಹಾಗಾಗಿ ಜಾಸ್ತಿ ಆಂಪ್ ಎಳೆದು ಒಳಗಿನ ಸುತ್ತು ಕಾಯುತ್ತದೆ, ಕೊನೆಗೆ ಸುಡುತ್ತದೆ. ವೋಲ್ಟೇಜ್ ಬಿದ್ದಾಗ ಮೊದಲು ಆಫ್ ಮಾಡಬೇಕಾದ್ದು ಇವನ್ನು.

ತಿಂಗಳಿಗೊಮ್ಮೆಯಾದರೂ ಗೀಸರಿನ ಪ್ಲಗ್ಗನ್ನು ಸ್ವಿಚ್ ಆಫ್ ಮಾಡಿ, ಕಿತ್ತು ನೋಡಿ. ಹಿತ್ತಾಳೆ ಪಿನ್ನಿನ ಬುಡ ಕಂದಾಗಿದೆಯಾ? ಬಿಳಿ ಪ್ಲಾಸ್ಟಿಕ್ ಹಳದಿಗೆ ತಿರುಗಿ ಒಂದು ಕಡೆ ಸೊಟ್ಟಗಾಗಿದೆಯಾ? ಮೂಗಿಗೆ ಹಿಡಿದರೆ ಸುಟ್ಟ ವಾಸನೆ ಬರುತ್ತದಾ? ಹಾಗಿದ್ದರೆ ಒಳಗೆ ಪಿನ್ ಸಡಿಲವಾಗಿದೆ. ಸಡಿಲ ಜಾಗದಲ್ಲಿ ಬರೀ ಅರ್ಧ ಓಮ್ ತಡೆ ಇದ್ದರೂ, 8.7ನ್ನು 8.7ರಿಂದ ಗುಣಿಸಿ ಅರ್ಧ ಮಾಡಿ, 38 ವ್ಯಾಟ್ ಶಾಖ ಆ ಪುಟ್ಟ ಪ್ಲಗ್ಗಿನೊಳಗೇ ಹುಟ್ಟುತ್ತದೆ. ರೇಡಿಯೋ ರಿಪೇರಿಯವರು ಸೀಸ ಕರಗಿಸುವ 25 ವ್ಯಾಟಿನ ಸೋಲ್ಡರಿಂಗ್ ಕಡ್ಡಿಗಿಂತ ಜಾಸ್ತಿ ಅದು. ಪ್ಲಗ್ ಒಂದನ್ನೇ ಬದಲಿಸಿದರೆ ಸಾಲದು, ಸಾಕೆಟ್ಟನ್ನೂ ಬದಲಿಸಿ. ಒಳಗಿನ ಸ್ಪ್ರಿಂಗ್ ಸತ್ತಿರುತ್ತದೆ.

ಎಂಸಿಬಿ, ಅಂದರೆ ಲೈನಿನಲ್ಲಿ ಕರೆಂಟ್ ಮಿತಿ ಮೀರಿದಾಗ ತಾನೇ ಆಫ್ ಆಗುವ ಸ್ವಿಚ್, ಪದೇ ಪದೇ ಬೀಳುತ್ತಿದ್ದರೆ, 16 ಆಂಪಿನದು ತೆಗೆದು 32ರದ್ದು ಹಾಕಿಬಿಡೋಣ ಅಂತ ಯಾರಾದರೂ ಹೇಳಿದರೆ ಒಪ್ಪಲೇಬೇಡಿ. ಗೋಡೆಯೊಳಗಿನ ವೈರ್ ಹಳೆಯದೇ ಇರುತ್ತದೆ, ಎಂಸಿಬಿ ಬೀಳುವ ಮೊದಲೇ ಅದು ಸುಡುತ್ತದೆ. ಆ ಲೈನಿನಲ್ಲಿ ಏನೇನು ಓಡುತ್ತಿದೆ ಅಂತ ಬರೆದು, ಒಂದೊಂದರ ವ್ಯಾಟ್ ಕೂಡಿ, 230ರಿಂದ ಭಾಗಿಸಿ. ಉತ್ತರ 16 ದಾಟಿದರೆ ಒಂದು ಸಾಮಾನನ್ನು ಬೇರೆ ಲೈನಿಗೆ ಹಾಕಿಸಿ. ದಾಟದಿದ್ದರೂ ಬೀಳುತ್ತಿದ್ದರೆ ಆ ಚೀಟಿಯನ್ನೇ ಎಲೆಕ್ಟ್ರಿಷಿಯನ್ ಕೈಗೆ ಕೊಡಿ.