ಹೈಸ್ಕೂಲ್ ಮಕ್ಕಳ ವರ್ಣನೆ ಬರಹಕ್ಕೆ ಅಂಕ ಕೊಡುವುದು ಹೇಗೆ?

'ನಮ್ಮೂರ ಸಂತೆ' ಅಂತ ವರ್ಣನೆ ಬರೆಯಲು ಕೊಟ್ಟರೆ ಅರ್ಧ ತರಗತಿ ಒಂದೇ ಸಂತೆಯನ್ನು ಬರೆದು ತರುತ್ತದೆ. ಅದು ಗೈಡಿನಲ್ಲಿರುವ ಸಂತೆ. ಅಕ್ಷರ ದುಂಡಗಿರುತ್ತೆ, ಪೀಠಿಕೆ, ಉಪಸಂಹಾರ ಎಲ್ಲ ಇರುತ್ತೆ, ಹತ್ತಕ್ಕೆ ಎಂಟು ಹಾಕಿ ಮುಂದಿನ ಪತ್ರಿಕೆಗೆ ಹೋಗಿಬಿಡುತ್ತೇವೆ. ಅದರ ಕೆಳಗೇ ಇರುವ, ಕಾಗುಣಿತ ತಪ್ಪಿರುವ ಪತ್ರಿಕೆಯಲ್ಲಿ ಒಂದು ಮಗು ತಾನು ಕಣ್ಣಾರೆ ಕಂಡ ಸಂತೆಯನ್ನು ಬರೆದಿರುತ್ತದೆ. ಅದಕ್ಕೆ ನಾಲ್ಕು ಅಂಕ! ಇದು ಅನ್ಯಾಯ ಅಲ್ವಾ? ವರ್ಣನೆಯಲ್ಲಿ ದೊಡ್ಡ ಪಾಲು ಅಂಕ ಮಗು ಕಂಡದ್ದಕ್ಕೆ ಹೋಗಬೇಕು. ತಪ್ಪು ಒಪ್ಪುಗಳ ಲೆಕ್ಕ ಬೇರೆ ಇರಲಿ.

ಪ್ರಶ್ನೆಯಿಂದಲೇ ಶುರು ಮಾಡಿ. ವಿಷಯ ದೊಡ್ಡದಾದಷ್ಟೂ ಬಾಯಿಪಾಠ ಜಾಸ್ತಿ. 'ಸಂತೆ' ಅನ್ನುವ ಬದಲು 'ಮಳೆ ಬಂದಾಗ ಸಂತೆಯಲ್ಲಿ ಒಂದು ಅಂಗಡಿ' ಅಂತ ಕೊಡಿ, ಇಲ್ಲವೇ 'ಶಾಲೆ ಬಿಟ್ಟ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ'. ಇದಕ್ಕೆ ಯಾವ ಗೈಡಿನಲ್ಲೂ ಉತ್ತರ ಸಿಗುವುದಿಲ್ಲ. ಅಂಕ ಹೇಗೆ ಕೊಡುತ್ತೀರಿ ಅನ್ನುವುದನ್ನು ಬರೆಯುವ ಮೊದಲೇ ಬೋರ್ಡಿನ ಮೇಲೆ ಬರೆದುಬಿಡಿ. ಹತ್ತು ಅಂಕಕ್ಕಾದರೆ ಹೀಗೆ ಹಂಚಬಹುದು: ಕಂಡ, ಕೇಳಿದ, ಮೂಗಿಗೆ ಬಡಿದ ವಿವರಗಳಿಗೆ 4, ಒಂದರ ನಂತರ ಒಂದು ಹೇಗೆ ಜೋಡಿಸಿದ್ದಾರೆ ಅನ್ನುವುದಕ್ಕೆ 2, ಪದ ಮತ್ತು ವಾಕ್ಯಕ್ಕೆ 2, ಕಾಗುಣಿತ, ಲೇಖನ ಚಿಹ್ನೆಗೆ 2. ಕೈಬರಹಕ್ಕೆ ಬೇರೆ ಅಂಕ ಬೇಡ, ಓದಲು ಬಂದರೆ ಸಾಕು.

ಈಗ ಇಬ್ಬರು ಹೀಗೆ ಬರೆದಿದ್ದಾರೆ ಅಂದುಕೊಳ್ಳಿ. ಮೊದಲನೆಯದು: 'ಸಂತೆಯು ಗ್ರಾಮೀಣ ಬದುಕಿನ ಜೀವನಾಡಿಯಾಗಿದೆ. ಇಲ್ಲಿ ವಿವಿಧ ಬಗೆಯ ತರಕಾರಿ, ಹಣ್ಣುಹಂಪಲುಗಳು ದೊರೆಯುತ್ತವೆ. ಮಳೆ ಬಂದಾಗ ಜನರು ತೊಂದರೆ ಅನುಭವಿಸುತ್ತಾರೆ.' ಎರಡನೆಯದು: 'ಮಳೆ ಬಂತು. ಮೆಣಸಿನಕಾಯಿ ಅಜ್ಜಿ ತಲೆ ಮೇಲಿದ್ದ ಗೋಣಿಚೀಲ ತೆಗೆದು ಮೆಣಸಿನಕಾಯಿಗೆ ಒದಿಸಿದಳು. ಅವಳು ನೆನೀತಾನೇ ಕೂತಿದ್ದಳು. ಅಣ ಎಣಿಸೋದು ಮಾತ್ರ ಬಿಡಲಿಲ್ಲ.'

ಮೊದಲನೆಯದರಲ್ಲಿ ಒಂದು ತಪ್ಪೂ ಇಲ್ಲ, ಆದರೆ ಬರೆದವರು ಸಂತೆಗೆ ಹೋಗಿದ್ದರಾ ಅನ್ನುವುದೇ ಗೊತ್ತಾಗುವುದಿಲ್ಲ. ಎರಡನೆಯದರಲ್ಲಿ ಗೋಣಿಚೀಲ ಅಜ್ಜಿಯ ತಲೆಯಿಂದ ಮೆಣಸಿನಕಾಯಿಗೆ ಹೋದದ್ದು ಒಂದೇ ಸಾಕು, ಅವಳ ಇಡೀ ಬದುಕು ಕಾಣುತ್ತೆ. ನಾನಾದರೆ ಮೊದಲನೆಯದಕ್ಕೆ 1, 1, 2, 2, ಒಟ್ಟು 6 ಕೊಡುತ್ತೇನೆ. ಎರಡನೆಯದಕ್ಕೆ 4, 2, 1, 1, ಒಟ್ಟು 8. 'ಒದಿಸಿದಳು', 'ಅಣ' ಎರಡೂ ಹಕಾರ ಬಿಟ್ಟುಹೋದ ಒಂದೇ ಜಾತಿಯ ತಪ್ಪು, ಅದನ್ನು ಒಂದೇ ಸಲ ಲೆಕ್ಕಕ್ಕೆ ಹಿಡಿಯಬೇಕು. ಹಕಾರ ಹತ್ತು ಕಡೆ ತಪ್ಪಿದರೂ ಮಗುವಿಗೆ ಗೊತ್ತಿಲ್ಲದಿರುವುದು ಒಂದೇ ವಿಷಯ ತಾನೇ? ಮಹಾಪ್ರಾಣ, ಒತ್ತಕ್ಷರ, ಲ-ಳ, ನ-ಣ ಇವಕ್ಕೂ ಅಷ್ಟೇ.

'ನೆನೀತಾ', 'ಎಣಿಸೋದು' ಮಾತಿನ ರೂಪಗಳು. ಪಾತ್ರದ ಮಾತಿನಲ್ಲಿ ಬಂದರೆ ಮುಟ್ಟಬೇಡಿ, ಅಲ್ಲಿ ಅದೇ ಸರಿ. ನಿರೂಪಣೆಯಲ್ಲಿ ಬಂದರೆ ಗ್ರಂಥಸ್ಥ ರೂಪವನ್ನು ಪಕ್ಕದಲ್ಲಿ ಬರೆದು ತೋರಿಸಿ. ಆದರೆ ಊರಿನ ವಸ್ತುಗಳ ಹೆಸರಿಗೆ ಕೆಂಪು ಗೆರೆ ಎಳೆಯಲೇಬೇಡಿ. ಮೈಸೂರು ಕಡೆಯ ಮಗು ಕಡ್ಲೆಪುರಿ ಅನ್ನಲಿ, ದಾವಣಗೆರೆಯದು ಮಂಡಕ್ಕಿ ಅನ್ನಲಿ, ಧಾರವಾಡದ್ದು ಚುರುಮುರಿ ಅನ್ನಲಿ, ಮೂರೂ ಕನ್ನಡವೇ.

ತಿದ್ದಲು ಕೂತಾಗ ಮೊದಲ ಓದಿಗೆ ಕೈಯಲ್ಲಿ ಪೆನ್ನು ಬೇಡ. ಸುಮ್ನೆ ಓದಿ ಮೂರು ಕಟ್ಟು ಮಾಡಿ: ಕಣ್ಣಿಗೆ ಕಟ್ಟುವಂಥದ್ದು, ಅಲ್ಲಲ್ಲಿ ಕಾಣುವಂಥದ್ದು, ಏನೂ ಕಾಣದ್ದು. ಆಮೇಲೆ ಅಂಕ. ಅರವತ್ತು ಪತ್ರಿಕೆ ಮುಗಿಯುವ ಹೊತ್ತಿಗೆ ನಮ್ಮ ಕೈ ಬಿಗಿಯೋ ಸಡಿಲವೋ ಆಗಿರುತ್ತೆ, ಅದಕ್ಕೇ ಮೊದಲು ತಿದ್ದಿದ ನಾಲ್ಕೈದನ್ನು ಕೊನೆಯಲ್ಲಿ ಮತ್ತೆ ತೆಗೆದು ನೋಡಬೇಕು. ಶಾಲೆಯಲ್ಲಿ ಇನ್ನೊಬ್ಬ ಕನ್ನಡ ಮೇಷ್ಟ್ರೋ ಮೇಡಮ್ಮೋ ಇದ್ದರೆ ಒಂದಷ್ಟನ್ನು ಅದಲು ಬದಲು ಮಾಡಿಕೊಳ್ಳಿ, ಎರಡಕ್ಕಿಂತ ಜಾಸ್ತಿ ಅಂಕದ ವ್ಯತ್ಯಾಸ ಬಂದರೆ ಕೂತು ಮಾತಾಡಿ.

ಪತ್ರಿಕೆಯ ಕೆಳಗೆ 'ಗುಡ್', 'ಇನ್ನೂ ಉತ್ತಮಪಡಿಸು' ಅಂತ ಬರೆದರೆ ಮಗುವಿಗೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ಒಂದು ಪ್ರಶ್ನೆ ಬರೆಯಿರಿ. ಮೊದಲನೆಯವರಿಗೆ, 'ಮಳೆಯಲ್ಲಿ ಯಾರಿಗೆ, ಏನು ತೊಂದರೆ ಆಯಿತು? ಒಬ್ಬರನ್ನು ತೋರಿಸು.' ಎರಡನೆಯವರಿಗೆ, 'ಮಳೆಯ ಸದ್ದು ಹೇಗಿತ್ತು? ಅಜ್ಜಿ ಏನಾದರೂ ಅಂದಳಾ?' ಅರವತ್ತು ಪತ್ರಿಕೆಗೂ ಪ್ರತಿ ಸಲ ಹೀಗೆ ಬರೆಯುವುದು ಕಷ್ಟವೇ. ಈ ಸಲ ಹದಿನೈದು ಜನಕ್ಕೆ, ಮುಂದಿನ ಸಲ ಇನ್ನು ಹದಿನೈದು ಜನಕ್ಕೆ ಬರೆಯಿರಿ. ಉಳಿದವರು ಜೋಡಿಯಾಗಿ ಕೂತು ಒಬ್ಬರದನ್ನೊಬ್ಬರು ಓದಿ ಪ್ರಶ್ನೆ ಕೇಳಲಿ.

ಪ್ರಶ್ನೆ ಸಿಕ್ಕ ಮೇಲೆ ಇಡೀ ಬರಹ ಬೇಡ, ಒಂದೇ ಪ್ಯಾರಾ ತಿರುಗಿ ಬರೆಸಿ. ಅಂಕ ಆಮೇಲೆ ಹೇಳಿ, ಯಾಕೆಂದರೆ ಅಂಕ ನೋಡಿದ ಮಗು ಪ್ರಶ್ನೆಯ ಕಡೆ ತಿರುಗಿಯೂ ನೋಡುವುದಿಲ್ಲ. ವರ್ಷಕ್ಕೆ ನಾಲ್ಕು ಎಫ್‌ಎ (ಕಲಿಕೆಯ ನಡುವೆಯೇ ಮಾಡುವ ರೂಪಣಾತ್ಮಕ ಮೌಲ್ಯಮಾಪನ) ಇರುವುದರಿಂದ ಇದನ್ನು ಅದರ ಚಟುವಟಿಕೆಯಾಗಿಯೇ ದಾಖಲಿಸಬಹುದು. ಮೊದಲ ಪ್ಯಾರಾ, ತಿದ್ದಿ ಬರೆದ ಪ್ಯಾರಾ ಎರಡನ್ನೂ ಒಟ್ಟಿಗೆ ಪಿನ್ ಮಾಡಿ ಇಟ್ಟರೆ ಪೋಷಕರ ಸಭೆಯಲ್ಲಿ ತೋರಿಸಲಿಕ್ಕೂ ಆಗುತ್ತದೆ.

ಎಸ್ಸೆಸ್ಸೆಲ್ಸಿ ಪ್ರಬಂಧದಲ್ಲಿ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಅನ್ನುವ ಚೌಕಟ್ಟನ್ನು ನೋಡುತ್ತಾರೆ, ಅದನ್ನು ಮಕ್ಕಳಿಗೆ ನೇರವಾಗಿ ಹೇಳಿ ಅಭ್ಯಾಸ ಮಾಡಿಸಿ. ಚೌಕಟ್ಟು ಕಲಿಸಲು ಕೆಲವು ವಾರ ಸಾಕು. ಆ ಅಜ್ಜಿಯಂಥ ಒಬ್ಬರನ್ನು ವಿಷಯ ನಿರೂಪಣೆಯೊಳಗೆ ತರುವುದಕ್ಕೆ ಎಂಟನೇ ತರಗತಿಯಿಂದಲೇ ಬರೆಸಬೇಕು.