ತೊಗರಿ ಹೊಲದಿಂದ ದಾಲ್ ಮಿಲ್‌ವರೆಗೆ: ದೀರ್ಘಾವಧಿಯ ಛಾಯಾಚಿತ್ರ ಸರಣಿಯನ್ನು ರೂಪಿಸುವುದು ಹೇಗೆ?

ಕಲಬುರಗಿಯಲ್ಲಿ ಹೊಸದಾಗಿ ಕ್ಯಾಮೆರಾ ಕೊಂಡವರು ಕೋಟೆ, ಜಾಮಿಯಾ ಮಸೀದಿಯ ಕಮಾನು, ಶರಣಬಸವೇಶ್ವರರ ತೇರು ಎಂದು ಎದುರಾದದ್ದನ್ನೆಲ್ಲ ಸೆರೆಹಿಡಿಯುತ್ತಾರೆ. ಬಿಡಿಯಾಗಿ ಚೆನ್ನಾಗಿರುವ ಈ ಚಿತ್ರಗಳು ಒಟ್ಟಿಗಿಟ್ಟಾಗ ಸರಣಿಯಾಗುವುದಿಲ್ಲ. ಏನನ್ನು ತೆಗೆಯಬಾರದು ಎಂಬುದನ್ನು ಮೊದಲೇ ನಿರ್ಧರಿಸಿದಾಗ ಮಾತ್ರ ಅವುಗಳಿಗೆ ಒಂದು ಸೂತ್ರ ಸಿಗುತ್ತದೆ.

2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಇಲ್ಲಿನ ತೊಗರಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ‘ತೊಗರಿ’ ಎಂಬಷ್ಟೇ ವಿಷಯ ತೀರಾ ದೊಡ್ಡದು. ‘ಒಂದು ಹೊಲದ ತೊಗರಿ ಬೇಳೆಯಾಗುವಷ್ಟರಲ್ಲಿ ಯಾರ ಯಾರ ಕೈ ಹಾದುಹೋಗುತ್ತದೆ’ ಎಂದು ಒಂದು ವಾಕ್ಯ ಬರೆದುಕೊಂಡರೆ ಕೆಲಸ ಹಗುರವಾಗುತ್ತದೆ. ಕೈಗಳಿಲ್ಲದ ಸೂರ್ಯಾಸ್ತ ಎಷ್ಟೇ ಸುಂದರವಾಗಿದ್ದರೂ, ಡ್ರೋನ್‌ನಿಂದ ಹೊಲ ಎಷ್ಟೇ ಭವ್ಯವಾಗಿ ಕಂಡರೂ, ಅವುಗಳಿಗೆ ಈ ಸರಣಿಯಲ್ಲಿ ಜಾಗವಿಲ್ಲ.

ಮುಂದಿನ ಹೆಜ್ಜೆ ಬೆಳೆಯ ಪಂಚಾಂಗ. ಮುಂಗಾರು ಮಳೆ ಬಿದ್ದ ಮೇಲೆ ಬಿತ್ತನೆ, ಸುಮಾರು ಒಂದೂವರೆ ತಿಂಗಳಿಗೆ ಕುಡಿ ಚಿವುಟುವುದು, ಆಮೇಲೆ ಹೂವು, ಕಾಯಿಕೊರಕ ಹುಳು ಬಿದ್ದಾಗ ಗಿಡ ಅಲ್ಲಾಡಿಸಿ ಉದುರಿಸುವುದು, ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲುವುದು, ರಾಶಿ, ಗಂಜ್‌ನ (ಧಾನ್ಯ ಮಾರುಕಟ್ಟೆಯ) ಸವಾಲು ಅಂದರೆ ಹರಾಜು, ಕೊನೆಗೆ ದಾಲ್ ಮಿಲ್: ಪ್ರತಿಯೊಂದರ ಎದುರು ಬೇಕಾದ ಚಿತ್ರಗಳನ್ನೂ ಅನುಮತಿ ಕೇಳಬೇಕಾದವರನ್ನೂ ಬರೆದಿಡಬೇಕು. ಯೋಜನೆಗೆ ಕನಿಷ್ಠ ಎರಡು ಹಂಗಾಮು ಇಟ್ಟುಕೊಳ್ಳುವುದು ಕ್ಷೇಮ. ಮಳೆ ಕೈಕೊಡಬಹುದು, 2022ರಂತೆ ನೆಟೆ ರೋಗ ಬಂದು ನಿಂತ ಬೆಳೆಯೇ ಒಣಗಬಹುದು. ಹಾಗಾದರೆ ಒಣಗಿದ ಗಿಡ ಕೀಳುವ ಕೈಗಳೂ ಸರಣಿಯ ಭಾಗವೇ. ಅವನ್ನು ಬಿಟ್ಟು ಹಸಿರನ್ನೇ ತೋರಿಸುವುದು ಪ್ರಚಾರಪತ್ರದ ಕೆಲಸ.

ನೋಟದ ನಿಯಮಗಳು ಕಡಿಮೆ ಇದ್ದಷ್ಟೂ ಒಳ್ಳೆಯದು. ಒಂದೇ ಲೆನ್ಸ್ (35 ಮಿ.ಮೀ. ಸಾಕು), ಎಲ್ಲವೂ ಅಡ್ಡ ಚೌಕಟ್ಟು, ಫ್ಲ್ಯಾಶ್ ಇಲ್ಲ. ಇಲ್ಲಿನ ಎರೆಮಣ್ಣು ಚೌಕಟ್ಟನ್ನು ತುಂಬಿದಾಗ ಕ್ಯಾಮೆರಾದ ಮೀಟರ್ ಅದನ್ನು ಬೂದುಬಣ್ಣವೆಂದು ಭಾವಿಸಿ ಹೆಚ್ಚು ಬೆಳಕು ಬಿಡುವುದರಿಂದ, ಕಪ್ಪು ನೆಲ ಪೇಲವವಾಗಿ, ಹಳದಿ ಹೂವಿನ ಎಸಳು ಬೆಳ್ಳಗಾಗುತ್ತದೆ. ಎಕ್ಸ್‌ಪೋಷರನ್ನು ಸುಮಾರು ಒಂದು ಸ್ಟಾಪ್, ಅಂದರೆ ಒಳಬರುವ ಬೆಳಕು ಅರ್ಧವಾಗುವಷ್ಟು, ಇಳಿಸಿ ನೋಡಿ. ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಫೈಲು) ತೆಗೆದರೆ ಎರಡು ವರ್ಷದ ಬಣ್ಣಗಳನ್ನು ಆಮೇಲೆ ಹೊಂದಿಸುವುದು ಸುಲಭ.

ಅದೇ ಸಂಜೆ ಫೈಲುಗಳನ್ನು ದಿನಾಂಕದಿಂದ ಆರಂಭವಾಗುವ ಹೆಸರಿನಲ್ಲಿ ಎರಡು ಹಾರ್ಡ್ ಡಿಸ್ಕ್‌ಗಳಿಗೆ ಹಾಕಿ, ಒಂದನ್ನು ಬೇರೆ ಮನೆಯಲ್ಲಿಡಿ. ಊರು, ಕೆಲಸ, ಒಪ್ಪಿಗೆ ಕೊಟ್ಟವರ ಹೆಸರು ಆಗಲೇ ಬರೆಯಬೇಕು.

ನಿಜವಾದ ಕಷ್ಟ ಆಯ್ಕೆಯದು. ಮೂರು ತಿಂಗಳಿಗೊಮ್ಮೆ ಚಿತ್ರಗಳ ಸಣ್ಣ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿದರೆ, ರಾಶಿಯ ಚಿತ್ರಗಳು ಹತ್ತಾರು ಇದ್ದು ಗಂಜ್‌ನಲ್ಲಿ ಕಾಳು ಹಿಡಿದು ನೋಡುವ ವ್ಯಾಪಾರಿಯ ಕೈ ಒಂದೂ ಇಲ್ಲವೆಂಬುದು ಕಣ್ಣಿಗೆ ಬೀಳುತ್ತದೆ. ಮುಂದಿನ ಭೇಟಿಯ ಪಟ್ಟಿ ಆ ಖಾಲಿ ಜಾಗಗಳಿಂದಲೇ ಹುಟ್ಟಬೇಕು. ಹೊಗಳುವ ಗೆಳೆಯರಿಗಿಂತ ಹೊಲದ ಒಡೆಯರಿಗೇ ಅವನ್ನು ತೋರಿಸುವುದು ಉಪಯುಕ್ತ. ಕೆಲಸದ ಕ್ರಮ ತಪ್ಪಿದ್ದರೆ ಅವರು ಕೂಡಲೇ ಹೇಳುತ್ತಾರೆ. ಎರಡನೆಯ ಹಂಗಾಮಿನ ಬೇಳೆ ಚೀಲಕ್ಕೆ ಬಿದ್ದಾಗ ಚಿತ್ರೀಕರಣ ನಿಲ್ಲಿಸಿ, ಮೂವತ್ತರ ಒಳಗೆ ಚಿತ್ರಗಳನ್ನು ಆರಿಸಿ, ಚಿತ್ರದಲ್ಲಿರುವವರಿಗೆ ಒಂದೊಂದು ಪ್ರತಿ ತಲುಪಿಸಿದ ಮೇಲೆಯೇ ಪ್ರದರ್ಶನದ ಮಾತು.