ವಿದೇಶದಲ್ಲಿ ಹುಟ್ಟಿದ ಮಗುವಿಗೆ ಭಾರತದ ಪೌರತ್ವ: ಹೊಸದಾಗಿ ಬಂದ ಕನ್ನಡಿಗರಿಗೆ ಮಾರ್ಗದರ್ಶಿ

ತಂದೆ ತಾಯಿ ಇಬ್ಬರೂ ಭಾರತೀಯರಾದರೆ ಮಗು ಎಲ್ಲಿ ಹುಟ್ಟಿದರೂ ತಾನಾಗಿ ಭಾರತೀಯವೇ ಆಗುತ್ತದೆ ಎಂಬ ನಂಬಿಕೆ ಹೊರನಾಡಿಗೆ ಹೊಸದಾಗಿ ಬಂದ ನಮ್ಮವರಲ್ಲಿ ಬಲವಾಗಿದೆ. 2004ರ ಡಿಸೆಂಬರ್ 3ರಂದು ಅಥವಾ ಆ ನಂತರ ಹುಟ್ಟಿದ ಮಕ್ಕಳ ವಿಷಯದಲ್ಲಿ ಇದು ಸರಿಯಲ್ಲ. 1955ರ ಪೌರತ್ವ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ಮಗು ಹುಟ್ಟಿದ ಒಂದು ವರ್ಷದೊಳಗೆ ಆ ಜನನವನ್ನು ಭಾರತದ ರಾಯಭಾರ ಕಚೇರಿಯಲ್ಲಿ ಅಥವಾ ಕಾನ್ಸುಲೇಟಿನಲ್ಲಿ ನೋಂದಾಯಿಸಿದರೆ ಮಾತ್ರ ತಂದೆ ಅಥವಾ ತಾಯಿಯ ಮೂಲಕ ಬರುವ ಪೌರತ್ವ ಮಗುವಿಗೆ ದಕ್ಕುತ್ತದೆ. ನೀವಿರುವ ಊರಿನ ನಗರಸಭೆಯೋ ಆರೋಗ್ಯ ಇಲಾಖೆಯೋ ಕೊಡುವ ಜನನ ಪ್ರಮಾಣಪತ್ರ ಈ ನೋಂದಣಿಗೆ ಬೇಕಾದ ದಾಖಲೆಯೇ ಹೊರತು ನೋಂದಣಿಯಲ್ಲ. ಇವೆರಡನ್ನೂ ಒಂದೇ ಎಂದುಕೊಂಡು ನಿಶ್ಚಿಂತರಾದ ಕುಟುಂಬಗಳೇ ಮುಂದೆ ಹೆಚ್ಚು ಅಲೆದಾಡುತ್ತವೆ.

ಯಾರ ಮೂಲಕ ಪೌರತ್ವ ಬರುತ್ತದೆ ಎಂಬ ನಿಯಮವೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. 1992ರ ಡಿಸೆಂಬರ್ 10ಕ್ಕಿಂತ ಮೊದಲು ಹುಟ್ಟಿದವರಿಗೆ ತಂದೆ ಭಾರತೀಯ ಪೌರನಾಗಿರಬೇಕಿತ್ತು. ತಾಯಿಯ ಪೌರತ್ವಕ್ಕೆ ಬೆಲೆಯಿರಲಿಲ್ಲ. ಆ ದಿನದಿಂದೀಚೆಗೆ ಇಬ್ಬರಲ್ಲಿ ಒಬ್ಬರು ಭಾರತೀಯರಾಗಿದ್ದರೆ ಸಾಕು. ಆದರೆ ಲೆಕ್ಕಕ್ಕೆ ಬರುವುದು ಮಗು ಹುಟ್ಟಿದ ದಿನದ ಸ್ಥಿತಿ. ಪತಿ ಈಗಾಗಲೇ ಬೇರೆ ದೇಶದ ಪೌರತ್ವ ಪಡೆದಿದ್ದು ಪತ್ನಿಯ ಬಳಿ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದರೆ ಪತ್ನಿಯ ಮೂಲಕ ಅರ್ಜಿ ಹಾಕಬಹುದು. ಹೆರಿಗೆಗೆ ಮೊದಲೇ ಇಬ್ಬರೂ ಪೌರತ್ವ ಬದಲಿಸಿದ್ದರೆ ಈ ದಾರಿ ಇಲ್ಲ. ಅಂಥವರು ಒಸಿಐ ಕಾರ್ಡಿನತ್ತ, ಅಂದರೆ ಭಾರತೀಯ ಮೂಲದ ವಿದೇಶಿ ಪೌರರಿಗೆ ಭಾರತ ಕೊಡುವ ಕಾರ್ಡಿನತ್ತ, ನೋಡಬೇಕಾಗುತ್ತದೆ.

ಅರ್ಜಿಗೆ ಕೈಹಾಕುವ ಮೊದಲು ಮನೆಯಲ್ಲಿ ಕುಳಿತು ತೀರ್ಮಾನಿಸಬೇಕಾದ ಸಂಗತಿಯೊಂದಿದೆ. ನೋಂದಣಿಯ ವೇಳೆ ಮಗುವಿನ ಬಳಿ ಬೇರೆ ಯಾವ ದೇಶದ ಪಾಸ್‌ಪೋರ್ಟೂ ಇಲ್ಲವೆಂದು ತಂದೆ ತಾಯಿ ಲಿಖಿತವಾಗಿ ಘೋಷಿಸಬೇಕು. ಕೊಲ್ಲಿ ರಾಷ್ಟ್ರಗಳಲ್ಲಿರುವವರಿಗೆ ಇದು ಪ್ರಶ್ನೆಯೇ ಅಲ್ಲ, ಏಕೆಂದರೆ ಅಲ್ಲಿ ಹುಟ್ಟಿದ ಮಾತ್ರಕ್ಕೆ ಭಾರತೀಯರ ಮಕ್ಕಳಿಗೆ ಆ ನೆಲದ ಪೌರತ್ವ ಬರುವುದಿಲ್ಲ. ಕೆನಡಾದಲ್ಲಿ ಹುಟ್ಟಿದ ಮಗುವಿಗೆ, ಅಥವಾ ತಂದೆ ತಾಯಿಯರಲ್ಲಿ ಒಬ್ಬರು ಕಾಯಂ ನೆಲೆಸುವ ಹಕ್ಕು ಪಡೆದ ಬಳಿಕ ಬ್ರಿಟನ್ನಿನಲ್ಲಿ ಹುಟ್ಟಿದ ಮಗುವಿಗೆ, ಹುಟ್ಟಿನಿಂದಲೇ ಅಲ್ಲಿನ ಪೌರತ್ವ ಇರುತ್ತದೆ. ಅಂಥ ಮಗುವಿಗೆ ಮೊದಲು ಅಲ್ಲಿನ ಪಾಸ್‌ಪೋರ್ಟ್ ಮಾಡಿಸಿ, ಆಮೇಲೆ ಭಾರತದ ನೋಂದಣಿಗೆ ಹೋದರೆ ಆ ಘೋಷಣೆಗೆ ಸಹಿ ಹಾಕುವಂತಿಲ್ಲ. ಎರಡು ಪಾಸ್‌ಪೋರ್ಟುಗಳನ್ನು ಒಟ್ಟಿಗೆ ಇಟ್ಟುಕೊಳ್ಳಬಹುದೆಂದು ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಕಿವಿಗೊಡಬೇಡಿ.

ವಿದೇಶಿ ಪೌರತ್ವವನ್ನೇ ಆಯ್ದುಕೊಂಡ ಮಗುವಿಗೆ, ಒಬ್ಬ ಪೋಷಕರು ಭಾರತೀಯರಾಗಿದ್ದರೂ ಸಾಕು, ಒಸಿಐ ಪಡೆಯುವ ಅವಕಾಶವಿದೆ. ಬಂದುಹೋಗಲು, ಓದಲು, ನೆಲೆಸಲು ಅದು ಸಾಕಾದೀತು. ಆದರೆ ಅದು ಪೌರತ್ವವಲ್ಲ: ಒಸಿಐ ಹೊಂದಿದವರಿಗೆ ಮತದಾನದ ಹಕ್ಕಿಲ್ಲ, ಅವರು ಕೃಷಿಭೂಮಿಯನ್ನಾಗಲಿ ತೋಟವನ್ನಾಗಲಿ ಖರೀದಿಸುವಂತಿಲ್ಲ. ಊರಿನಲ್ಲಿ ಗದ್ದೆ, ಅಡಿಕೆ ತೋಟ ಇರುವ ಮನೆತನದವರು ಇದನ್ನು ಗಮನಿಸಬೇಕು. ಹಿರಿಯರಿಂದ ಪಿತ್ರಾರ್ಜಿತವಾಗಿ ಬರುವ ಜಮೀನಿಗೆ ಖರೀದಿಯ ಈ ನಿರ್ಬಂಧ ಅನ್ವಯಿಸುವುದಿಲ್ಲ ಎಂಬುದು ಸಮಾಧಾನದ ವಿಷಯ.

ಇನ್ನು ಹುಟ್ಟಿನಿಂದ ಬೇರೆ ದೇಶದ ಪೌರತ್ವವೂ ಇದ್ದು, ಅಲ್ಲಿನ ಪಾಸ್‌ಪೋರ್ಟ್ ಪಡೆಯದೆ ಭಾರತದ ಪೌರನಾಗಿ ನೋಂದಣಿಯಾದ ಮಗು, ಹದಿನೆಂಟು ತುಂಬಿದ ಆರು ತಿಂಗಳೊಳಗೆ ಆ ಇನ್ನೊಂದು ಪೌರತ್ವವನ್ನು ತ್ಯಜಿಸಬೇಕು. ತ್ಯಜಿಸದಿದ್ದರೆ ಭಾರತದ ಪೌರತ್ವ ಕಳೆದುಹೋಗುತ್ತದೆ.

ದಾಖಲೆಗಳ ಪೈಕಿ ಹೆಚ್ಚು ತೊಡಕು ಕೊಡುವುದು ಹೆಸರು. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರೆಂಬುದೇ ಇಲ್ಲ. ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರ ಇನಿಷಿಯಲ್ ಆಗಿರುತ್ತದೆ. ಪಾಸ್‌ಪೋರ್ಟಿನಲ್ಲಿ ಕೆಲವರದು ಬಿಡಿಸಿ ಬರೆದಿರುತ್ತದೆ, ಕೆಲವರ ಸರ್‌ನೇಮ್ ಅಂಕಣ ಖಾಲಿಯೇ ಇರುತ್ತದೆ. ವಿದೇಶದ ಆಸ್ಪತ್ರೆಯ ಗುಮಾಸ್ತರಿಗೆ ಇದು ಅರ್ಥವಾಗುವುದಿಲ್ಲ. ಅವರು ತೋಚಿದ ಪದವನ್ನು ಕುಟುಂಬದ ಹೆಸರೆಂದು ಬರೆದುಬಿಟ್ಟರೆ ಮಗುವಿನ ಸರ್‌ನೇಮ್ ತಾತನ ಊರಿನ ಹೆಸರಾಗಿ ಕೂರುತ್ತದೆ. ಆದ್ದರಿಂದ ಹೆರಿಗೆಗೆ ಮೊದಲೇ ಮಗುವಿನ ಹೆಸರನ್ನು ಪಾಸ್‌ಪೋರ್ಟಿನಲ್ಲಿ ಹೇಗಿರಬೇಕೋ ಹಾಗೆ ನಿರ್ಧರಿಸಿ, ಪತಿ ಪತ್ನಿಯ ಹೆಸರುಗಳನ್ನು ಪಾಸ್‌ಪೋರ್ಟಿನಲ್ಲಿರುವಂತೆ ಅಕ್ಷರ ಬಿಡದೆ ಕಾಗದದ ಮೇಲೆ ಬರೆದು ಆಸ್ಪತ್ರೆಗೆ ಕೊಡುವುದು ಒಳ್ಳೆಯದು. ಲಕ್ಷ್ಮಿ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಲವು ಬಗೆಯಾಗಿ ಬರೆಯಬಹುದು, ಕಚೇರಿಯವರಿಗೆ ಅವು ಬೇರೆ ಬೇರೆ ಹೆಸರುಗಳೇ. ತಪ್ಪು ಕಂಡರೆ ಮೊದಲು ಸ್ಥಳೀಯ ಪ್ರಮಾಣಪತ್ರದಲ್ಲಿ ತಿದ್ದಿಸಿ, ಆಮೇಲೆ ಕಾನ್ಸುಲೇಟಿಗೆ ಹೋಗಿ, ಏಕೆಂದರೆ ಅವರು ಆ ಪ್ರಮಾಣಪತ್ರವನ್ನೇ ಆಧಾರವಾಗಿ ಹಿಡಿಯುತ್ತಾರೆ.

ವಿವಾಹ ನೋಂದಣಿ ಪತ್ರದ ಮಾತೂ ಇಂಥದ್ದೇ. ಲಗ್ನಪತ್ರಿಕೆ, ಛತ್ರದ ರಸೀದಿ, ಮದುವೆಯ ಆಲ್ಬಮ್ ಯಾವುದೂ ಅದರ ಬದಲಿಗೆ ನಡೆಯುವುದಿಲ್ಲ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸದೆ ವಿಮಾನ ಹತ್ತಿದ ದಂಪತಿಗಳು ಇನ್ನೂ ಇದ್ದಾರೆ. ಅಂಥವರು ಊರಿಗೆ ಹೋದಾಗ ಮೊದಲು ಮಾಡಿಸಬೇಕಾದ ಕೆಲಸ ಇದು. ಮಗುವಿನ ಸ್ಥಳೀಯ ಜನನ ಪ್ರಮಾಣಪತ್ರ ಅರಬ್ಬಿ, ಜರ್ಮನ್ ಮುಂತಾದ ಭಾಷೆಯಲ್ಲಿದ್ದರೆ ಅಧಿಕೃತ ಇಂಗ್ಲಿಷ್ ಅನುವಾದವೂ ಬೇಕಾಗುತ್ತದೆ. ತಂದೆ ತಾಯಿಯರ ಪಾಸ್‌ಪೋರ್ಟ್ ಮತ್ತು ನಿವಾಸ ಪರವಾನಗಿಯ ಪ್ರತಿಗಳು ಹೇಗೂ ಎಲ್ಲರೂ ಇಟ್ಟುಕೊಂಡಿರುವಂಥವು.

2009ರ ಪೌರತ್ವ ನಿಯಮಗಳಲ್ಲಿ ಈ ನೋಂದಣಿಗೆ ಇರುವ ಅರ್ಜಿ ನಮೂನೆ 1. ಮಗುವಿನ ಮೊದಲ ಪಾಸ್‌ಪೋರ್ಟಿನ ಅರ್ಜಿಯನ್ನೂ ಇದರ ಜೊತೆಗೇ ಕೊಡಬಹುದೇ, ಮುಂಗಡ ಸಮಯ ಪಡೆಯಬೇಕೇ, ಶುಲ್ಕವೆಷ್ಟು ಎಂಬುದು ಆಯಾ ಕಾನ್ಸುಲೇಟಿನ ವ್ಯವಸ್ಥೆಯನ್ನು ಅವಲಂಬಿಸಿದೆ. ಅದನ್ನು ಅವರ ಜಾಲತಾಣದಲ್ಲೇ ನೋಡಿಕೊಳ್ಳಬೇಕೇ ವಿನಾ ಬೇರೆ ಊರಿನ ಸ್ನೇಹಿತರ ಅನುಭವವನ್ನು ನೆಚ್ಚಬಾರದು.

ಕಾನೂನು ಒಂದು ವರ್ಷ ಕೊಟ್ಟಿದ್ದರೂ ನಿಮ್ಮ ನಿಜವಾದ ಗಡುವು ಅದಕ್ಕಿಂತ ಚಿಕ್ಕದಿರಬಹುದು. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ನವಜಾತ ಶಿಶುವಿನ ನಿವಾಸ ವೀಸಾಕ್ಕೆ 120 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು, ಅದಕ್ಕೆ ಪಾಸ್‌ಪೋರ್ಟ್ ಬೇಕು, ಪಾಸ್‌ಪೋರ್ಟಿಗೆ ಮೊದಲು ನೋಂದಣಿ ಆಗಬೇಕು. ನಾಮಕರಣಕ್ಕೆ ಊರಿಗೆ ಹೋಗಿ ಬಂದ ಮೇಲೆ ನೋಡೋಣ ಎನ್ನುವವರಿಗೆ ಪಾಸ್‌ಪೋರ್ಟಿಲ್ಲದ ಮಗುವನ್ನು ವಿಮಾನ ಹತ್ತಿಸಲಾಗದು ಎಂಬುದು ಟಿಕೆಟ್ ಕೊಳ್ಳುವಾಗಲೇ ನೆನಪಾಗುವುದುಂಟು.

ವರ್ಷ ಮೀರಿದರೆ ದಾರಿ ಪೂರ್ತಿ ಮುಚ್ಚುವುದಿಲ್ಲ. ಕೇಂದ್ರ ಸರ್ಕಾರದ ಅನುಮತಿ ಪಡೆದು ನೋಂದಾಯಿಸಲು ಕಾಯ್ದೆಯಲ್ಲೇ ಅವಕಾಶವಿದೆ. ಆಗ ತೀರ್ಮಾನ ಕಾನ್ಸುಲೇಟಿನ ಕೈ ದಾಟಿ ದೆಹಲಿಗೆ ಹೋಗುತ್ತದೆ, ವಿಳಂಬಕ್ಕೆ ಕಾರಣವನ್ನು ಬರೆದುಕೊಡಬೇಕಾಗುತ್ತದೆ. ತಾಯಿಯ ಅನಾರೋಗ್ಯ, ಸ್ಥಳೀಯ ಪ್ರಮಾಣಪತ್ರ ತಡವಾಗಿ ಸಿಕ್ಕದ್ದು, ಹೆಸರು ತಿದ್ದುಪಡಿ ಎಳೆದಾಡಿದ್ದು, ಹೀಗೆ ಏನು ನಡೆಯಿತೋ ಅದನ್ನೇ ದಿನಾಂಕಗಳೊಂದಿಗೆ ಬರೆದು ಆಧಾರ ಪತ್ರಗಳನ್ನು ಲಗತ್ತಿಸಿ. ಗೊತ್ತಿರಲಿಲ್ಲ ಎಂಬ ಒಂದೇ ಸಾಲು ದುರ್ಬಲ ಕಾರಣವೆಂದು ನನ್ನ ಅಭಿಪ್ರಾಯ.

ನೋಂದಣಿಯ ಪ್ರಮಾಣಪತ್ರ ಕೈಗೆ ಬಂದಾಗ ಅದರಲ್ಲಿನ ಪ್ರತಿ ಅಕ್ಷರವನ್ನೂ ಕಿಟಕಿಯ ಬಳಿಯೇ ನಿಂತು ಓದಿ, ಮೂಲಪ್ರತಿಯನ್ನು ಪಾಸ್‌ಪೋರ್ಟಿನಿಂದ ಬೇರೆಯಾಗಿ ಜೋಪಾನ ಮಾಡಿ. ಮಕ್ಕಳ ಪಾಸ್‌ಪೋರ್ಟಿನ ಅವಧಿ ಸಾಮಾನ್ಯವಾಗಿ ಐದು ವರ್ಷಕ್ಕೇ ಮುಗಿಯುತ್ತದೆ. ಪಾಸ್‌ಪೋರ್ಟ್ ಕಳೆದುಹೋದರೂ ಬದಲಾದರೂ ಪೌರತ್ವ ಬಂದದ್ದು ಎಲ್ಲಿಂದ ಎಂದು ತೋರಿಸುವ ಕಾಗದ ಇದೊಂದೇ. ಮುಂದೆ ಅದೇ ಮಗು ಹೊರದೇಶದಲ್ಲಿ ತಂದೆಯೋ ತಾಯಿಯೋ ಆಗಿ ತನ್ನ ಮಗುವಿನ ಜನನ ನೋಂದಾಯಿಸಲು ಹೋದಾಗಲೂ ಇದನ್ನು ತೋರಿಸಬೇಕಾಗಿ ಬರಬಹುದು.